ವಲಯದೊಳಗಿನ ಚುಕ್ಕೆಗಳು

ರಿಪೋರ್ಟ್ ಒಯ್ಯಲು ಬರುವವರಲ್ಲಿ ಹೆಚ್ಚಿನವರದು ಒಂದೇ ಮಾತು: “ಇವರ ಮೈಗೆ ಆ ಮಾತ್ರೆ ಒಗ್ಗಿಬಿಟ್ಟಿದೆಯಂತೆ.” ಮೈಗೆ ಏನೂ ಒಗ್ಗಿರುವುದಿಲ್ಲ. ಆಂಟಿಬಯಾಟಿಕ್‌ಗೆ ಬಗ್ಗದಂತೆ ಬದಲಾಗಿರುವುದು ಮೈಯೊಳಗಿನ ಬ್ಯಾಕ್ಟೀರಿಯಾ. ಕೌಂಟರಿನ ಮುಂದೆ ಇದನ್ನೆಲ್ಲ ವಿವರಿಸುವ ವ್ಯವಧಾನ ಅವರಿಗೂ ಇರುವುದಿಲ್ಲ, ನನಗೂ ಇರುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜಿಲ್ಲಾ ಕೇಂದ್ರವೊಂದರ ಪ್ರಯೋಗಾಲಯದಲ್ಲಿ ನನ್ನದು ಕಲ್ಚರ್ ವಿಭಾಗ, ಅಂದರೆ ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕೆಲಸ. ಮೂತ್ರದ ಸ್ಯಾಂಪಲ್‌ಗಳೇ ಹೆಚ್ಚು. ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಅಗರ್ ತಟ್ಟೆಯ ಮೇಲೆ ಗೀಚಿ ಇನ್‌ಕ್ಯುಬೇಟರಿನಲ್ಲಿಟ್ಟರೆ ಮರುದಿನ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯ ಗುಲಾಬಿ ಬಣ್ಣದ ಕಾಲೊನಿಗಳು ಎದ್ದಿರುತ್ತವೆ. ಅವನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ಮೇಲಿಟ್ಟು ಮತ್ತೊಂದು ರಾತ್ರಿ ಕಾಯಬೇಕು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ವಲಯ ಮೂಡುತ್ತದೆ. ಅದರ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆದು ‘ಎಸ್’ (ಔಷಧಕ್ಕೆ ಬಗ್ಗುತ್ತದೆ) ಅಥವಾ ‘ಆರ್’ (ಬಗ್ಗುವುದಿಲ್ಲ) ಎಂದು ಬರೆಯುತ್ತೇವೆ.

ಕೆಲವೊಮ್ಮೆ ಆ ಖಾಲಿ ವಲಯದೊಳಗೇ ನಾಲ್ಕೈದು ಚುಕ್ಕೆಗಳು ಕಾಣಿಸುತ್ತವೆ. ಹೊಸಬರು ಅವನ್ನು ಗಮನಿಸದೆ ಅಂಚಿನಿಂದ ಅಂಚಿಗೆ ಅಳೆದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಬೇರೆ ಬ್ಯಾಕ್ಟೀರಿಯಾ ಬೆರೆತಿಲ್ಲ ಎಂದು ಖಚಿತವಾದರೆ, ಆ ಚುಕ್ಕೆಗಳು ಔಷಧದ ನಡುವೆಯೂ ಬದುಕುಳಿದ ಕೋಶಗಳ ಸಂತತಿ. ಔಷಧವನ್ನು ಕಂಡು ಅವು ಪಾಠ ಕಲಿತದ್ದಲ್ಲ. ಇ. ಕೋಲಿ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಪ್ರತಿ ಸಲವೂ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಾಗುತ್ತದೆ. ಆ ತಪ್ಪುಗಳಲ್ಲೊಂದು ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಅಂಟಿಕೊಳ್ಳುವ ಕಿಣ್ವದ ಆಕಾರವನ್ನು ತುಸು ಬದಲಿಸಿದರೂ ಸಾಕು, ಔಷಧದ ಹಿಡಿತ ಸಡಿಲಗೊಳ್ಳುತ್ತದೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಎಂಬ ವಿಜ್ಞಾನಿ ದಂಪತಿ ಮಖಮಲ್ ಬಟ್ಟೆಯನ್ನು ಒಂದು ತಟ್ಟೆಯ ಕಾಲೊನಿಗಳಿಗೆ ಒತ್ತಿ, ಅದೇ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಇದ್ದ ತಟ್ಟೆಗೆ ಒತ್ತಿದರು. ಅಲ್ಲಿ ಉಳಿದವು ಯಾವುವೆಂದು ನೋಡಿ, ಔಷಧವೇ ಸೋಕದ ಮೂಲ ತಟ್ಟೆಯಲ್ಲಿ ಅವುಗಳ ಒಡಹುಟ್ಟುಗಳನ್ನು ಪತ್ತೆ ಮಾಡಿದರು. ಪ್ರತಿರೋಧ ಅಲ್ಲಿ ಮೊದಲೇ ಇತ್ತು. ಮಖಮಲ್ಲಿನ ತುಂಡೊಂದರಿಂದ ಇಷ್ಟು ದೊಡ್ಡ ಸಂಗತಿ ಬಯಲಾಯಿತೆಂಬುದು ನನಗೆ ಈಗಲೂ ಖುಷಿ ಕೊಡುತ್ತದೆ.

ಇದಿಷ್ಟೇ ಆಗಿದ್ದರೆ ನಾನು ಇಷ್ಟೊಂದು ಚಿಂತಿಸುತ್ತಿರಲಿಲ್ಲ. ತಾಯಿಯ ರಿಪೋರ್ಟ್ ಹಿಡಿದು ಬಂದಿದ್ದ ಯುವಕನೊಬ್ಬ ಕೇಳಿದ: “ಜೆಂಟಾಮೈಸಿನ್ ಅನ್ನು ಅಮ್ಮ ಯಾವತ್ತೂ ತೆಗೆದುಕೊಂಡೇ ಇಲ್ಲ, ಅದಕ್ಕೂ ಆರ್ ಏಕೆ?” ಒಳ್ಳೆಯ ಪ್ರಶ್ನೆ. ಬ್ಯಾಕ್ಟೀರಿಯಾದೊಳಗೆ ಮುಖ್ಯ ಡಿಎನ್‌ಎ ಅಲ್ಲದೆ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳೂ ಇರಬಹುದು. ಐದಾರು ಔಷಧಗಳನ್ನು ಎದುರಿಸುವ ಜೀನ್‌ಗಳು ಒಂದೇ ಉಂಗುರದಲ್ಲಿ ಸೇರಿಕೊಂಡಿರುವುದುಂಟು. ಅದು ತಾಯಿಕೋಶದಿಂದ ಮರಿಕೋಶಕ್ಕಷ್ಟೇ ಅಲ್ಲ, ಪಕ್ಕದ ಕೋಶಕ್ಕೂ, ಬೇರೆ ಪ್ರಭೇದಕ್ಕೂ ದಾಟುತ್ತದೆ. ಯುದ್ಧಾನಂತರದ ಜಪಾನಿನಲ್ಲಿ ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಒಟ್ಟೊಟ್ಟಿಗೆ ನಾಲ್ಕು ಔಷಧಗಳಿಗೆ ಬಗ್ಗದೆ ನಿಂತಿತು. ಆ ಗುಣ ಶಿಗೆಲ್ಲಾ ಮತ್ತು ಇ. ಕೋಲಿಗಳ ನಡುವೆ ಕೈ ಬದಲಾಯಿಸುತ್ತದೆಂದು 1959ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿಕೊಟ್ಟರು.

ಈಗ ನೆಗಡಿಗೆಂದು ಔಷಧಿ ಅಂಗಡಿಯಲ್ಲಿ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಕೊಂಡವರನ್ನು ನೆನೆಸಿಕೊಳ್ಳಿ. ನೆಗಡಿಯ ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಏಟು ಬೀಳುವುದು ಕರುಳಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಬ್ಯಾಕ್ಟೀರಿಯಾಗಳಿಗೆ. ಸೆಫಿಕ್ಸಿಮ್ ಅನ್ನು ಕತ್ತರಿಸುವ ಕಿಣ್ವವಿದ್ದ ಇ. ಕೋಲಿ ಅಲ್ಲಿ ನಾಲ್ಕಿದ್ದರೆ, ಕಳೆ ಕಿತ್ತ ಪಾತಿಯಂತೆ ಜಾಗವೆಲ್ಲ ಅವುಗಳದ್ದಾಗುತ್ತದೆ. ಮುಂದೆ ಎಂದೋ ಮೂತ್ರನಾಳದ ಸೋಂಕಾದಾಗ ನನ್ನ ತಟ್ಟೆಗೆ ಬರುವುದು ಅವೇ. ಜೆಂಟಾಮೈಸಿನ್‌ನ ಪ್ರತಿರೋಧವೂ ಅದೇ ಉಂಗುರದಲ್ಲಿ ಬಂದಿರಬಹುದು. ಸೆಫಿಕ್ಸಿಮ್ ಮಾರಾಟಕ್ಕೆ ವೈದ್ಯರ ಚೀಟಿ ಬೇಕು, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬ ಎಚ್1 ನಿಯಮ 2014ರ ಮಾರ್ಚ್‌ನಿಂದಲೂ ಇದೆ. ಎಷ್ಟು ಅಂಗಡಿಗಳಲ್ಲಿ ನಿಮ್ಮನ್ನು ಚೀಟಿ ಕೇಳಿದ್ದಾರೆ?

ವೈದ್ಯರ ಪಾಡೂ ಸುಲಭದ್ದಲ್ಲ. ನನ್ನ ರಿಪೋರ್ಟಿಗೆ ಎರಡು ಮೂರು ದಿನ ಬೇಕು, ಜ್ವರದಲ್ಲಿ ನಡುಗುವವರು ಅಷ್ಟು ಕಾಯಲಾರರು. ಅಂದಾಜಿನಲ್ಲಿ ಶುರು ಮಾಡುತ್ತಾರೆ, ಅಂದಾಜು ಪ್ರತಿವರ್ಷ ಮೇಲಿನ ಮೆಟ್ಟಿಲಿನ ಔಷಧಕ್ಕೆ ಏರುತ್ತಿದೆ. ಮೆರೊಪೆನೆಮ್‌ಗೂ ‘ಆರ್’ ಬಂದಾಗ ಕೊಲಿಸ್ಟಿನ್ ಬಗ್ಗೆ ಫೋನ್ ಬರುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಹಳೆಯ ಔಷಧ ಅದು. ಕೋಳಿ ಮತ್ತು ಜಾನುವಾರುಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಷ್ಟೇ ನಿಷೇಧಿಸಿತು. ಕೊಲಿಸ್ಟಿನ್‌ಗೆ ಬಿಲ್ಲೆಯ ಪರೀಕ್ಷೆಯನ್ನು ನಂಬುವಂತಿಲ್ಲ. ಅದರ ದೊಡ್ಡ ಅಣು ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಸಾಲು ಗುಳಿಗಳಲ್ಲಿ ದ್ರವ ಮಾಧ್ಯಮ ಹಾಕಿ, ಔಷಧದ ಪ್ರಮಾಣವನ್ನು ಅರ್ಧರ್ಧ ಇಳಿಸುತ್ತ ಹೋಗಿ, ಎಲ್ಲಿಂದ ಬ್ಯಾಕ್ಟೀರಿಯಾ ಬೆಳೆದು ದ್ರವ ಕದಡುತ್ತದೆಂದು ನೋಡಬೇಕು. ಅದಕ್ಕೆ ಮತ್ತೊಂದು ರಾತ್ರಿ ಬೇಕೆಂದು ಹೇಳಿದರೆ ಫೋನಿನ ಆಚೆಗಿನ ವೈದ್ಯರು, “ಇವತ್ತೇ ಹಾಕಿ ಬಿಡಿ” ಎನ್ನುತ್ತಾರೆ.