ಹನ್ನೆರಡು ವಾರಗಳ ಕ್ರಿಯಾಟಿನ್ ಲೆಕ್ಕಪುಸ್ತಕ

ಮೊದಲ ದಿನ. ತೂಕ 68.4 ಕೆಜಿ. ಸೊಂಟದ ಸುತ್ತಳತೆ 84 ಸೆಂ.ಮೀ., ತೊಡೆ 54, ತೋಳು 32. ಸ್ಕ್ವಾಟ್‌ನಲ್ಲಿ 70 ಕೆಜಿ ಭಾರ ಹೆಗಲಿಗೇರಿಸಿ ಕುಕ್ಕರಿಸಿ, ಮೊದಲ ಸೆಟ್‌ನಲ್ಲಿ ಎಂಟು ಸಲ ಏಳುತ್ತೇನೆ, ಮೂರನೆಯದರಲ್ಲಿ ಐದಕ್ಕೇ ಕಾಲು ನಡುಗುತ್ತದೆ. ಎರಡು ತಿಂಗಳಿಂದ ಇದೇ ಕಥೆ. ಇಂದಿನಿಂದ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್, ಅಂದರೆ ಸ್ನಾಯುವಿನಲ್ಲಿ ಸಹಜವಾಗಿಯೇ ಇರುವ ಕ್ರಿಯಾಟಿನ್ ದಾಸ್ತಾನನ್ನು ಹೆಚ್ಚಿಸುವ ಪುಡಿ. ಊಟ, ನಿದ್ದೆ, ವ್ಯಾಯಾಮದ ಪಟ್ಟಿ ಯಾವುದನ್ನೂ ಬದಲಿಸುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದ್ದೆಂದು ಹೇಗೆ ತಿಳಿಯಬೇಕು?

ಮೊದಲ ಐದರಿಂದ ಏಳು ದಿನ ನಿತ್ಯ 20 ಗ್ರಾಂ ತೆಗೆದುಕೊಳ್ಳುವ ‘ಲೋಡಿಂಗ್’ ಪದ್ಧತಿಯೂ ಇದೆ. ಸ್ನಾಯುವಿನ ದಾಸ್ತಾನು ಬೇಗ ತುಂಬುತ್ತದೆ, ಕೆಲವರ ಹೊಟ್ಟೆ ಕೆಡುತ್ತದೆ. 3ರಿಂದ 5 ಗ್ರಾಂ ತೆಗೆದುಕೊಂಡರೂ ಮೂರು-ನಾಲ್ಕು ವಾರಗಳಲ್ಲಿ ಅದೇ ಮಟ್ಟ ಮುಟ್ಟಬಹುದು. ನನಗೇನು ಆತುರ?

ನಾಲ್ಕನೆಯ ದಿನ. ತಣ್ಣೀರಿನಲ್ಲಿ ಪುಡಿ ಸರಿಯಾಗಿ ಕರಗದೆ ಲೋಟದ ತಳದಲ್ಲಿ ಮರಳಿನಂತೆ ಕೂರುತ್ತದೆ. ಉಗುರುಬೆಚ್ಚಗಿನ ನೀರು ವಾಸಿ. ವಾರಕ್ಕಾಗುವಷ್ಟು ಒಮ್ಮೆಲೇ ಕಲಸಿಡುವ ಸೋಮಾರಿ ಯೋಚನೆಯನ್ನು ಕೈಬಿಟ್ಟೆ. ದಿನಗಟ್ಟಲೆ ನೀರಿನಲ್ಲಿದ್ದರೆ ಅದು ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ವ್ಯರ್ಥವಾಗುತ್ತದೆ.

ಎರಡನೆಯ ವಾರ. ತೂಕ 69.5! ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. ಆಮೇಲೆ ಬುದ್ಧಿ ನೆಟ್ಟಗಾಯಿತು. ಹದಿನಾಲ್ಕು ದಿನಗಳಲ್ಲಿ ಕಿಲೋಗಟ್ಟಲೆ ಸ್ನಾಯು ಯಾರಿಗೂ ಬೆಳೆಯುವುದಿಲ್ಲ. ಕ್ರಿಯಾಟಿನ್ ತನ್ನ ಜೊತೆಗೆ ನೀರನ್ನೂ ಸ್ನಾಯುವಿನೊಳಗೆ ಎಳೆದುಕೊಳ್ಳುತ್ತದೆ, ತಕ್ಕಡಿ ಅದನ್ನೇ ತೂಗಿದೆ. ದೇಹದ ಕೊಬ್ಬು, ಮೂಳೆ, ಉಳಿದ ತೂಕವನ್ನು ಬೇರೆಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ಈ ನೀರನ್ನು ಕೊಬ್ಬಿಲ್ಲದ ತೂಕದ ಖಾತೆಗೇ ಬರೆಯುತ್ತದೆ. ಹಾಗಾಗಿ ‘ಎರಡೇ ವಾರದಲ್ಲಿ ಸ್ನಾಯು ಬಂತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಮೋಸ ಹೋಗಿದ್ದಾರೆ.

ಐದನೆಯ ವಾರ. ಮೊದಲ ಸೆಟ್ ಅದೇ ಎಂಟು. ಮೂರನೆಯ ಸೆಟ್ ಮಾತ್ರ ಐದರಿಂದ ಏಳಕ್ಕೆ ಏರಿದೆ. ಇದು ಲೆಕ್ಕಕ್ಕೆ ಕೂಡುವ ಸಂಗತಿ. ಭಾರ ಎತ್ತುವಾಗ ಸ್ನಾಯು ಖರ್ಚು ಮಾಡುವುದು ಎಟಿಪಿ ಎಂಬ ಶಕ್ತಿಯ ಅಣುವನ್ನು, ಅದರ ದಾಸ್ತಾನು ಕೆಲವೇ ಸೆಕೆಂಡುಗಳದ್ದು. ಬರಿದಾದ ಎಟಿಪಿಗೆ ಕೂಡಲೇ ಫಾಸ್ಫೇಟ್ ಕೊಟ್ಟು ಮತ್ತೆ ಸಜ್ಜುಗೊಳಿಸುವುದು ಫಾಸ್ಫೇಟ್ ಹೊತ್ತ ಕ್ರಿಯಾಟಿನ್, ಅಂದರೆ ಫಾಸ್ಫೋಕ್ರಿಯಾಟಿನ್. ಇದರ ದಾಸ್ತಾನು ಹೆಚ್ಚಿದ್ದರೆ ದಣಿದ ಮೇಲೂ ಒಂದೆರಡು ಸಲ ಏಳಬಹುದು. ಪುಡಿ ತಾನಾಗಿ ಸ್ನಾಯು ಕಟ್ಟುವುದಿಲ್ಲ. ಆ ಒಂದೆರಡು ಸಲದ ದುಡಿಮೆ ವಾರಗಟ್ಟಲೆ ಸೇರಿ ಕಟ್ಟುತ್ತದೆ. 1832ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೂಲ್ ಕ್ರಿಯಾಟಿನ್ ಅನ್ನು ಮೊದಲು ಕಂಡದ್ದು ಮಾಂಸದ ಸಾರದಲ್ಲಿ. ಹೆಸರು ಬಂದದ್ದೂ ಮಾಂಸ ಎನ್ನುವ ಗ್ರೀಕ್ ಪದದಿಂದ. ಮಾಂಸ ತಿನ್ನದ ನನ್ನಂಥವರಲ್ಲಿ ಮೊದಲೇ ದಾಸ್ತಾನು ಕಡಿಮೆ ಇರುವುದರಿಂದ ಲಾಭ ಎದ್ದು ಕಂಡಿರಲೂಬಹುದು.

ಎಂಟನೆಯ ವಾರ. ಬೇರೆ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಕ್ರಿಯಾಟಿನಿನ್ 1.4, ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತು. ಒಂದು ರಾತ್ರಿ ನಿದ್ದೆ ಹಾರಿಹೋಯಿತು. ಪುಡಿಯ ವಿಷಯ ಹೇಳಿದಾಗ ವೈದ್ಯರು, ‘ಇದನ್ನು ಮೊದಲೇ ಹೇಳಬಾರದಿತ್ತೇ?’ ಎಂದು ಗದರಿ ಮೂತ್ರಪಿಂಡವನ್ನು ಬೇರೆ ದಾರಿಯಿಂದ ಅಳೆಯುವ ಸಿಸ್ಟಾಟಿನ್ ಸಿ ಪರೀಕ್ಷೆ ಬರೆದುಕೊಟ್ಟರು. ಅದು ಸರಿಯಾಗಿಯೇ ಬಂತು. ಕ್ರಿಯಾಟಿನ್ ದೇಹದಲ್ಲಿ ಕ್ರಿಯಾಟಿನಿನ್ ಆಗಿಯೇ ಹೊರಹೋಗುವುದರಿಂದ, ಮೂತ್ರಪಿಂಡ ಚೆನ್ನಾಗಿದ್ದರೂ ಆ ಅಂಕಿ ಏರಬಹುದು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬಾರದು.

ಒಂಬತ್ತು, ಹತ್ತು, ಹನ್ನೊಂದು: ಬರೆಯುವಂಥದ್ದೇನಿಲ್ಲ. ಒಂದು ವಾರ ನೆಗಡಿ.

ಹನ್ನೆರಡನೆಯ ವಾರ. ತೂಕ 70.1, ಸೊಂಟ 83.5, ತೊಡೆ 55.5, ತೋಳು 32.5. ಸ್ಕ್ವಾಟ್ 77.5 ಕೆಜಿ, ಎಂಟು ಸಲ. ಸೊಂಟ ಹಿಗ್ಗದೆ ತೊಡೆ ಹಿಗ್ಗಿದ್ದು ನನಗೆ ತಕ್ಕಡಿಗಿಂತ ಹಿತವಾದ ಸುದ್ದಿ. ಆದರೆ ಅದರಲ್ಲಿ ನೀರೆಷ್ಟು, ಸ್ನಾಯುವೆಷ್ಟು? ನಾಳೆಯಿಂದ ಪುಡಿ ನಿಲ್ಲಿಸುತ್ತೇನೆ. ನಾಲ್ಕರಿಂದ ಆರು ವಾರಗಳಲ್ಲಿ ದಾಸ್ತಾನು ಹಳೆಯ ಮಟ್ಟಕ್ಕಿಳಿಯುತ್ತದೆ. ವ್ಯಾಯಾಮ ಎಂದಿನಂತೆ. ಆಗ ಮತ್ತೆ ಟೇಪು ಹಿಡಿಯುತ್ತೇನೆ.