ಪಿಐ ಮೆಟಲ್ ಡಿಟೆಕ್ಟರ್: ದೂರ ಹಿಡಿಯದ ಸರ್ಕ್ಯೂಟ್‌ನ ರಿಪೇರಿ ದಾಖಲೆ

ಪಿಐ ಎಂದರೆ ಪಲ್ಸ್ ಇಂಡಕ್ಷನ್. ಕಾಯಿಲ್‌ಗೆ ಚಿಕ್ಕ ಕರೆಂಟ್ ಪಲ್ಸ್ ಕೊಟ್ಟು ನಿಲ್ಲಿಸಿ, ತುಸು ಹೊತ್ತು ಬಿಟ್ಟು (ಇದೇ ಸ್ಯಾಂಪಲ್ ವಿಳಂಬ) ಲೋಹದಿಂದ ಬರುವ ಸಿಗ್ನಲ್ ಅಳೆಯುವುದು (ಇದೇ ಸ್ಯಾಂಪಲ್). ರಿಪೇರಿಗೆ ಮುಂಚಿನ ಸ್ಥಿತಿ: ಬೋರ್ಡ್ ಓಡುತ್ತಿದೆ, ಸ್ಪೀಕರ್ ಕೂಗುತ್ತದೆ, ಆದರೆ ಹಳದಿ ಬಣ್ಣದ ಐದು ರೂಪಾಯಿ ನಾಣ್ಯ ಕಾಯಿಲ್‌ನಿಂದ 10 ಸೆಂ.ಮೀ. ದಾಟಿದರೆ ಸದ್ದಿಲ್ಲ. ಮಾತ್ರೆ ಸ್ಟ್ರಿಪ್‌ನಿಂದ ಕಿತ್ತ ಅಲ್ಯೂಮಿನಿಯಂ ಫಾಯಿಲ್ ಚೂರನ್ನು ಕಾಯಿಲ್ ಮೇಲೆಯೇ ಇಟ್ಟರೂ ಗೊತ್ತಾಗುವುದಿಲ್ಲ.

ಈ ಎರಡನ್ನು ಜೊತೆಗಿಟ್ಟು ನೋಡಿದರೆ ತೊಂದರೆ ಎಲ್ಲಿದೆ ಎಂಬುದು ಅರ್ಧ ತಿಳಿದಂತೆಯೇ. ನಾಣ್ಯದಲ್ಲಿ ಹುಟ್ಟುವ ಸುಳಿ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ತೆಳು ಫಾಯಿಲ್‌ನದು ಕೆಲವೇ ಮೈಕ್ರೋಸೆಕೆಂಡ್‌ಗಳಲ್ಲಿ ಸತ್ತುಹೋಗುತ್ತದೆ. ಫಾಯಿಲ್ ಪೂರ್ತಿ ಕಾಣುತ್ತಿಲ್ಲ ಎಂದರೆ ಸ್ಯಾಂಪಲ್ ತಡವಾಗಿ ತೆಗೆಯುತ್ತಿದ್ದೇವೆ ಎಂದರ್ಥ. ಇಂಥ ಹೊತ್ತಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಏರಿಸಲು ಹೋಗಬಾರದು. ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಎನ್‌ಇ 5534ರ ಗೇನ್ ಲೆಕ್ಕದ ಪ್ರಕಾರ ಈಗಾಗಲೇ 1000 ಇದೆ (1 ಕಿಲೋಓಮ್ ಇನ್‌ಪುಟ್, 1 ಮೆಗಾಓಮ್ ಫೀಡ್‌ಬ್ಯಾಕ್). ಏರಿಸಿದರೆ ಏರುವುದು ನಾಯ್ಸ್ ಮಾತ್ರ.

ಸರ್ಕ್ಯೂಟ್‌ನ ಲೆಕ್ಕ ಹೀಗಿದೆ. 25 ಸೆಂ.ಮೀ. ವ್ಯಾಸದ ಕಾಯಿಲ್, 0.5 ಮಿ.ಮೀ. ಎನಾಮಲ್ ತಂತಿ, 27 ಸುತ್ತು: ಸುಮಾರು 400 ಮೈಕ್ರೋಹೆನ್ರಿ, 1.9 ಓಮ್. ತಂತಿ 21 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಡುವುದರಿಂದ 40 ಗ್ರಾಂ ಎಂದು ಕೇಳಿದರೆ ಸಾಕು. 12 ವೋಲ್ಟ್, ಪಲ್ಸ್ ಕೊಡುವ ಸ್ವಿಚ್ ಆಗಿ ಐಆರ್‌ಎಫ್ 740 ಮಾಸ್‌ಫೆಟ್, 200 ಮೈಕ್ರೋಸೆಕೆಂಡ್ ಪಲ್ಸ್, ಸೆಕೆಂಡಿಗೆ ಸುಮಾರು 600. ಪಲ್ಸ್ ಮುಗಿಯುವ ಹೊತ್ತಿಗೆ ಕಾಯಿಲ್‌ನಲ್ಲಿ 3.5 ಆಂಪಿಯರ್ ಹತ್ತಿರ ಇರುತ್ತದೆ. ಬ್ಯಾಟರಿಯಿಂದ ಸರಾಸರಿ ಕಾಲು ಆಂಪಿಯರ್. ಬ್ಯಾಟರಿಯ ಪ್ಲಸ್ ತುದಿಯೇ ಅನಲಾಗ್ ಭಾಗದ ಸೊನ್ನೆ ಗೆರೆ. ಸ್ಕೋಪ್‌ನ (ಆಸಿಲೋಸ್ಕೋಪ್) ಗ್ರೌಂಡ್ ಕ್ಲಿಪ್ ಅಲ್ಲಿಗೇ ಹೋಗಬೇಕು, ಮೈನಸ್‌ಗಲ್ಲ.

ಮಾಸ್‌ಫೆಟ್ ಆಫ್ ಆದ ಕೂಡಲೇ ಕಾಯಿಲ್ ತುದಿ 400 ವೋಲ್ಟ್‌ಗೆ ಜಿಗಿಯುತ್ತದೆ, ಮಾಸ್‌ಫೆಟ್ ಅಲ್ಲಿಗೇ ಅದನ್ನು ತಡೆಯುತ್ತದೆ. ಆದ್ದರಿಂದ ಡ್ರೇನ್ (ಮಾಸ್‌ಫೆಟ್‌ನ ಕಾಯಿಲ್ ಕಡೆಯ ಕಾಲು) ಮೇಲೆ ಸ್ಕೋಪ್ ಪ್ರೋಬ್‌ನ ×1 ಸ್ವಿಚ್ ಯಾವತ್ತೂ ಬೇಡ. ಈ ಜಿಗಿತ 200ಕ್ಕೇ ನಿಂತರೆ ಭಾಗ ನಕಲಿ ಎಂದು ಗುಮಾನಿ ಪಡಬಹುದು. ಭಾಗದ ಮೈಮೇಲೆ ಬರೆದ ನಂಬರ್ ನಂಬಿ ಕೂರಬೇಡಿ. ನಿಜವಾಗಿ ನೋಡಬೇಕಾದ ಜಾಗ ಎರಡು 1ಎನ್ 4148 ಡಯೋಡ್‌ಗಳು ಎದುರುಬದುರು ಕೂತ ಬಿಂದು ಮತ್ತು ಆಪ್‌ಆಂಪ್‌ನ ಔಟ್‌ಪುಟ್. ನಮ್ಮದರಲ್ಲಿ ಔಟ್‌ಪುಟ್ ಸ್ಯಾಚುರೇಷನ್‌ನಿಂದ (ಮಿತಿಗೆ ತಾಗಿ ಸಿಕ್ಕಿಕೊಂಡ ಸ್ಥಿತಿ) ಹೊರಬರಲು 20 ಮೈಕ್ರೋಸೆಕೆಂಡ್ ದಾಟುತ್ತಿತ್ತು. ಕಾರಣ ಒಂದಲ್ಲ, ಮೂರು.

ಮೊದಲನೆಯದು ಕೆಪ್ಯಾಸಿಟೆನ್ಸ್. ಅದು ಹೆಚ್ಚಿದಷ್ಟೂ ಕಾಯಿಲ್ ತಣ್ಣಗಾಗಲು ಹೊತ್ತು ಬೇಕು. ಕಾಯಿಲ್‌ನ ತೂಗಾಟ (ರಿಂಗ್) ಅಡಗಿಸುವ ಡ್ಯಾಂಪಿಂಗ್ ರೆಸಿಸ್ಟರ್ ಬಿಚ್ಚಿ ಅಳೆದಾಗ ಕಾಯಿಲ್, ಕೇಬಲ್, ಮಾಸ್‌ಫೆಟ್ ಮೂರೂ ಸೇರಿ 290 ಕಿಲೋಹರ್ಟ್ಸ್‌ನಲ್ಲಿ ರಿಂಗ್ ಆಗುತ್ತಿದ್ದವು. ಅಂದರೆ ಸುಮಾರು 750 ಪಿಕೋಫ್ಯಾರಡ್. ಐಆರ್‌ಎಫ್ 740ರ ಔಟ್‌ಪುಟ್ ಕೆಪ್ಯಾಸಿಟೆನ್ಸ್ ಡೇಟಾಶೀಟ್‌ನಲ್ಲಿ 25 ವೋಲ್ಟ್‌ಗೆ 330 ಪಿಕೋಫ್ಯಾರಡ್, ವೋಲ್ಟೇಜ್ ಇಳಿದಂತೆ ಇನ್ನೂ ಜಾಸ್ತಿ. ಅದನ್ನು ಕಾಯಿಲ್‌ನಿಂದ ಬೇರ್ಪಡಿಸಲು ಡ್ರೇನ್‌ಗೂ ಕಾಯಿಲ್‌ಗೂ ನಡುವೆ ಎಂಯುಆರ್ 460 ಡಯೋಡ್ ಹಾಕಿದೆವು, ಆನೋಡ್ ಕಾಯಿಲ್ ಕಡೆಗೆ. 1ಎನ್ 4007 ಇಲ್ಲಿ ನಡೆಯುವುದಿಲ್ಲ, ಅದು ಆಫ್ ಆಗಲು ತೀರ ಹೊತ್ತು ತೆಗೆದುಕೊಳ್ಳುತ್ತದೆ. ಡಯೋಡ್ ಹಾಕಿದ ಮೇಲೆ ಡ್ಯಾಂಪಿಂಗ್ ರೆಸಿಸ್ಟರ್ ಕಾಯಿಲ್ ಕಡೆಗೇ ಬರಬೇಕು. ಹಳೆಯ ಜಾಗದಲ್ಲಿ, ಡ್ರೇನ್ ಹತ್ತಿರವೇ ಬಿಟ್ಟರೆ ಕಾಯಿಲ್ ಪಾಲಿಗೆ ಅದು ಇಲ್ಲದಂತೆಯೇ. ಕಾಯಿಲ್ ಸುತ್ತಿನ ಮೇಲೆ ನೇರವಾಗಿ ಬಿಗಿದಿದ್ದ ಶೀಲ್ಡ್ ಫಾಯಿಲ್ (ಹೊರಗಿನ ನಾಯ್ಸ್ ತಡೆಯುವ ಹೊದಿಕೆ) ತೆಗೆದು, ನಡುವೆ ಪಾಲಿಥಿನ್ ಫೋಮ್ ಪಟ್ಟಿ ಸುತ್ತಿ ಮತ್ತೆ ಹಾಕಿದೆವು. ಫಾಯಿಲ್‌ನ ಎರಡು ತುದಿ ಮಾತ್ರ ಒಂದಕ್ಕೊಂದು ತಾಗಬಾರದು, 1 ಸೆಂ.ಮೀ. ಬಿಡುವು ಇರಲಿ. ಈಗ ರಿಂಗ್ 450 ಕಿಲೋಹರ್ಟ್ಸ್, ಸುಮಾರು 310 ಪಿಕೋಫ್ಯಾರಡ್.

ಎರಡನೆಯದು ಡ್ಯಾಂಪಿಂಗ್. ಬೇಕಾದ ಒಟ್ಟು ರೆಸಿಸ್ಟೆನ್ಸ್ ಎಂದರೆ ಇಂಡಕ್ಟೆನ್ಸನ್ನು ಕೆಪ್ಯಾಸಿಟೆನ್ಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಅದರ ಅರ್ಧ. ಹಳೆಯ ಕಾಯಿಲ್‌ಗೆ 365 ಓಮ್, ಹೊಸದಕ್ಕೆ 565. ಇನ್‌ಪುಟ್‌ನ 1 ಕಿಲೋಓಮ್ ಯಾವಾಗಲೂ ಇದಕ್ಕೆ ಪ್ಯಾರಲಲ್ ಆಗಿ ಕೂತಿರುತ್ತದೆ, ಈ ಸಂಗತಿ ಮರೆತೇ ಬಹಳ ಮಂದಿ ಸುಸ್ತಾಗುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಹಾಕಬೇಕಾದದ್ದು 1.3 ಕಿಲೋಓಮ್. ನಾವು 680 ಮತ್ತು 560 ಸೀರೀಸ್‌ನಲ್ಲಿ ಹಾಕಿದ್ದೇವೆ, 2 ವಾಟ್ ಮೆಟಲ್ ಆಕ್ಸೈಡ್. ತುಸು ಓವರ್‌ಡ್ಯಾಂಪ್ ಆದರೆ ನಷ್ಟವಿಲ್ಲ. ವೈರ್‌ವೂಂಡ್ ಬೇಡ, ಅದೇ ಇನ್ನೊಂದು ಕಾಯಿಲ್ ಆಗಿಬಿಡುತ್ತದೆ. ಔಟ್‌ಪುಟ್ ಸೊನ್ನೆ ಗೆರೆ ದಾಟಿ ಆಚೆ ಹೋಗಿ ಮತ್ತೆ ವಾಪಸ್ ಬಂದರೆ ರೆಸಿಸ್ಟೆನ್ಸ್ ಜಾಸ್ತಿ. ಎಳೆದೆಳೆದು ಬಂದರೆ ಕಡಿಮೆ.

ಇನ್‌ಪುಟ್‌ನ 1 ಕಿಲೋಓಮ್‌ನದೇ ಬೇರೆ ಕಥೆ. ಪ್ರತಿ ಪಲ್ಸ್‌ಗೆ ಅದರ ಮೇಲೆ 400 ವೋಲ್ಟ್, 3 ಮೈಕ್ರೋಸೆಕೆಂಡ್‌ಗೂ ಹೆಚ್ಚು ಹೊತ್ತು ಬೀಳುತ್ತದೆ. ಲೆಕ್ಕ ಹಾಕಿದರೆ ಸರಾಸರಿ ಮೂರನೇ ಒಂದು ವಾಟ್. ಅಲ್ಲಿದ್ದ ಕಾಲು ವಾಟ್ ರೆಸಿಸ್ಟರ್ ಹೊರಗೆ ಕಂದು ಬಣ್ಣಕ್ಕೆ ತಿರುಗಿತ್ತು, ಮೀಟರ್‌ನಲ್ಲಿ 1.4 ಕಿಲೋಓಮ್ ತೋರಿಸಿತು. ಗೇನೂ ಕೆಟ್ಟಿತು, ಡ್ಯಾಂಪಿಂಗೂ ಕೆಟ್ಟಿತು. ಈಗ 510ರ ಎರಡು, ಅರ್ಧ ವಾಟ್‌ನವು, ಸೀರೀಸ್‌ನಲ್ಲಿ.

ಮೂರನೆಯದು ಆಪ್‌ಆಂಪ್‌ನ 5 ಮತ್ತು 8ನೇ ಪಿನ್ ನಡುವೆ ಇದ್ದ 22 ಪಿಕೋಫ್ಯಾರಡ್ ಕೆಪಾಸಿಟರ್. ಎನ್‌ಇ 5534 ಕಡಿಮೆ ಗೇನ್‌ನಲ್ಲಿ ಆಸಿಲೇಟ್ ಆಗದಿರಲಿ ಎಂದು ಹಾಕುವಂಥದ್ದು. ಗೇನ್ 1000 ಇರುವಲ್ಲಿ ಬ್ಯಾಂಡ್‌ವಿಡ್ತ್ ತಿನ್ನುವುದೊಂದೇ ಅದರ ಕೆಲಸ. ಕಿತ್ತು ಹಾಕಿದೆವು.

ಇದಿಷ್ಟಾದ ಮೇಲೆ ಸ್ಯಾಂಪಲ್ ವಿಳಂಬ 22ರಿಂದ 12 ಮೈಕ್ರೋಸೆಕೆಂಡ್‌ಗೆ ಇಳಿಯಿತು. ನಾಣ್ಯ 19 ಸೆಂ.ಮೀ., ಫಾಯಿಲ್ ಚೂರು 5 ಸೆಂ.ಮೀ. ಗೇನ್ ಲೆಕ್ಕದ ಅದೇ 1000.

ಸದ್ದು ಮೆಲ್ಲಗೆ ಏರಿಳಿಯುವ ತೊಂದರೆ ಬೇರೆಯದು. ಪಲ್ಸ್ ದರ 600ರ ಆಸುಪಾಸು, ಅಂದರೆ 50ರ ಗುಣಕದ ಪಕ್ಕದಲ್ಲೇ ಇದ್ದುದರಿಂದ ಮೇನ್ಸ್‌ನ ಹಾರ್ಮೋನಿಕ್ ಜೊತೆ ಬೀಟ್ ಆಗುತ್ತಿತ್ತು. ಪಲ್ಸ್ ದರ ನಿಗದಿ ಮಾಡುವ ಟೈಮರ್ ಐಸಿ 555ರ ರೆಸಿಸ್ಟರ್ ಬದಲಿಸಿ 625ರ ಹತ್ತಿರ ತಂದಾಗ ಬಹುಪಾಲು ನಿಂತಿತು. ಉಳಿದಿದ್ದು ಬೋರ್ಡ್‌ನ ಬ್ಯಾಟರಿ ಲೈನ್‌ನದು, ಅದಕ್ಕೆ ಹಾಕಿದ್ದು: ಕಾಯಿಲ್ ಬುಡಕ್ಕೆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ಅನಲಾಗ್ ಭಾಗಕ್ಕೆ 10 ಓಮ್ ಮತ್ತು 470 ಮೈಕ್ರೋಫ್ಯಾರಡ್ ಫಿಲ್ಟರ್. ಮನೆಯೊಳಗೆ ಎಲ್‌ಇಡಿ ಬಲ್ಬ್ ಉರಿಯುತ್ತಿದ್ದರೆ ಇದ್ಯಾವುದೂ ಪೂರ್ತಿ ನೆರವಾಗದು. ಪರೀಕ್ಷೆ ಅಂಗಳದಲ್ಲೇ ಮಾಡಿ.

ಬಾಕಿ ಇರುವುದು ನೆಲದ ಪರೀಕ್ಷೆ. ಜಂಬಿಟ್ಟಿಗೆ ಇರುವ ಕಡೆ ಮಣ್ಣೇ ಸಿಗ್ನಲ್ ಕೊಡುವುದುಂಟು. ವಿಳಂಬ 12ರಲ್ಲಿದ್ದಾಗ ಅದು ಇನ್ನೂ ಹೆಚ್ಚು ಕಾಣುತ್ತದೆ, ಹಾಗಾಗಿ ವಿಳಂಬದ ಪ್ರೀಸೆಟ್ ತೆಗೆದು, ಪ್ಯಾನಲ್ ಮೇಲೆ 12ರಿಂದ 25ರವರೆಗೆ ತಿರುಗುವ ಪಾಟ್ ಹಾಕುತ್ತಿದ್ದೇವೆ. ಹಿಡಿಕೆಯ ಪಿವಿಸಿ ಪೈಪ್‌ನಲ್ಲಿ ಕಾಯಿಲ್‌ನಿಂದ 40 ಸೆಂ.ಮೀ. ಒಳಗಿರುವ ಎರಡು ಸ್ಟೀಲ್ ಸ್ಕ್ರೂಗಳನ್ನೂ ನೈಲಾನ್‌ಗೆ ಬದಲಿಸಬೇಕು.