ಎಬಿಸಿಡಿ ಹೇಳ್ಕೊಡೋಕೆ ಯೂನಿವರ್ಸಿಟಿ ಬೇಕಾ?

ನಾನು ಓದ್ತಿರೋದು ಚಿಕ್ಕ ಮಕ್ಕಳ ಶಿಕ್ಷಣ ಅಂದ್ರೆ ಸಾಕು, ನೆಂಟರಲ್ಲಿ ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ. ಈಗೀಗ ನಗು ಬರುತ್ತೆ, ಯಾಕಂದ್ರೆ ನಮ್ಮ ಕ್ಲಾಸಲ್ಲಿ ಎಬಿಸಿಡಿ ಸುದ್ದಿನೇ ಕಮ್ಮಿ, ಮೂರು ವರ್ಷದ ಮಗು ಕೈಗೆ ಪೆನ್ಸಿಲ್ ತುರುಕೋ ಬದಲು ಮಣ್ಣು ಕಲಸೋಕೆ, ಮಣಿ ಪೋಣಿಸೋಕೆ ಬಿಡಿ, ಬೆರಳಿಗೆ ಹಿಡಿತ ಬಂದ್ಮೇಲೆ ಬರೆಯೋದು ಸುಲಭ ಆಗುತ್ತೆ ಅಂತಾನೇ ಮೇಡಂ ದಿನಾ ಹೇಳೋದು. ಆದ್ರೆ ಎಲ್‌ಕೆಜಿ ಅಪ್ಪ ಅಮ್ಮಂದಿರಿಗೆ ಇದನ್ನ ಒಪ್ಸೋದು ಯಾವ ಸಿಲಬಸ್‌ನಲ್ಲೂ ಇಲ್ಲ ಬಿಡಿ!

ಥಿಯರಿಲಿ ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೋಬೆಲ್, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಹೇಳಿದ ಪಿಯಾಜೆ ಎಲ್ಲಾ ಇದಾರೆ, ಎಕ್ಸಾಂಗೆ ಓದ್ಕೊಂಡ್ರಾಯ್ತು. ನಂಗೆ ನಿಜವಾಗ್ಲೂ ಹಿಡಿಸಿದ್ದು ಹಳ್ಳಿಯ ಚಿಕ್ಕ ಮಕ್ಕಳಿಗೆ ಪಾಠ ಮಾಡಿದ ತಾರಾಬಾಯಿ ಮೋಡಕ್ ಮತ್ತೆ ಅನುತಾಯಿ ವಾಘ್. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಲಿ ಕೆಲಸ ಶುರು ಮಾಡಿದ್ರು, ಮಕ್ಕಳು ಸಾಮಾನು ಮುಟ್ಟಿ, ಆಡಿ ತಾವೇ ಕಲಿಯೋ ಮಾಂಟೆಸ್ಸರಿ ಪದ್ಧತಿನೇ, ಆದ್ರೆ ಆ ದುಬಾರಿ ಸಾಮಾನೆಲ್ಲ ಹಳ್ಳಿಗೆ ಎಲ್ಲಿಂದ ತರೋದು, ಅದಕ್ಕೆ ಸುತ್ತಮುತ್ತ ಸಿಗೋ ಕಲ್ಲು, ಎಲೆ, ಚಿಪ್ಪಲ್ಲೇ ಪಾಠ, ಮಕ್ಕಳು ಶಾಲೆಗೆ ಬರ್ಲಿಲ್ವಾ, ಇವ್ರೇ ಅವ್ರ ಅಂಗಳಕ್ಕೆ ಹೋಗ್ಬಿಡೋರು. ಅಂಗನವಾಡಿ ಅನ್ನೋ ಐಡಿಯಾ ಬೆಳೆದಿದ್ದು ಹೀಗೆ. ಆಮೇಲೆ 1975ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಅನ್ನೋ ಮಕ್ಕಳ ಅಭಿವೃದ್ಧಿ ಯೋಜನೆ ಶುರು ಮಾಡ್ದಾಗ ನಮ್ಮ ಕರ್ನಾಟಕದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ, ಮೈಸೂರಿನವ್ರಿಗೇ ಇದು ಗೊತ್ತಿರಲ್ಲ.

2020ರ ಹೊಸ ಶಿಕ್ಷಣ ನೀತಿಲಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಅಂತ ಮಾಡಿದಾರೆ, ಅಂದ್ರೆ ಅಂಗನವಾಡಿಯಿಂದ ಎರಡನೇ ಕ್ಲಾಸ್ ತನಕ. ಪೇಪರ್ ಮೇಲೆ ಚೆನ್ನಾಗಿದೆ, ಆದ್ರೆ ಅಂಗನವಾಡಿ ಟೀಚರ್‌ಗೆ ಸರ್ವೆ, ರಿಜಿಸ್ಟರ್, ಅಡುಗೆ ಉಸ್ತುವಾರಿ ಎಲ್ಲಾ ಮುಗಿದ್ಮೇಲೆ ಮಕ್ಕಳ ಜೊತೆ ಕೂರೋಕೆ ಟೈಮ್ ಎಲ್ಲಿರುತ್ತೆ? ಈ ಸೆಮ್ ಪ್ರಾಜೆಕ್ಟ್‌ಗೆ ಇದನ್ನೇ ಎತ್ಕೊಂಡಿದೀನಿ.